ಅಲೆಗೂ ಬೇಕು ಆಳ

ಮುಂಗಾರು ಶುರುವಾದರೆ ಮಂಡ್ಯದ ಟೀ ಅಂಗಡಿಗಳಲ್ಲಿ ಒಂದೇ ಮಾತು: "ಕಟ್ಟೆ ಎಷ್ಟು ಅಡಿ ಆಯ್ತು?" ಕನ್ನಂಬಾಡಿ 124.80 ಮುಟ್ಟಿದರೆ ಊರಿಗೇ ಸಮಾಧಾನ. ನೀರನ್ನು ಅಡಿಯಲ್ಲಿ ಅಳೆಯುತ್ತಲೇ ಬೆಳೆದವರು ನಾವು. ವೇಕ್‌ಸರ್ಫಿಂಗ್ ಆಡುವವರೂ ಮೊದಲು ಕೇಳಬೇಕಾದ್ದು ಅದನ್ನೇ, ನೀರು ಎಷ್ಟು ಅಡಿ ಇದೆ ಅಂತ.

ಆಟ ಇಷ್ಟೇ. ಮೋಟಾರು ಬೋಟು ಗಂಟೆಗೆ 16ರಿಂದ 19 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಅದರ ಬೆನ್ನಿಗೇ ಏಳುವ ಅಲೆಯ ಇಳಿಜಾರಿನಲ್ಲಿ ಒಬ್ಬರು ಹಲಗೆ ಮೇಲೆ ನಿಂತು ಜಾರುತ್ತಾರೆ. ಎದ್ದು ನಿಲ್ಲುವ ತನಕ ಮಾತ್ರ ಹಗ್ಗ. ಆಮೇಲೆ ಅಲೆಯೇ ತಳ್ಳಿಕೊಂಡು ಹೋಗುತ್ತದೆ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಗಾಳಿ ಇಲ್ಲದ ಬೆಳಿಗ್ಗೆ ಸುಮ್ನೆ ನಿಂತು ನೋಡಿ. ಹೆಜ್ಜಾರ್ಲೆಯೊಂದು ಈಜಿದರೆ ಅದರ ಹಿಂದೆ ನೀರು ಕತ್ತರಿ ಬಿಚ್ಚಿದ ಹಾಗೆ ತೆರೆದುಕೊಳ್ಳುತ್ತದೆ. ನಡುವೆ ಅಡ್ಡಡ್ಡಲಾಗಿ ಸಣ್ಣ ಅಲೆಗಳು. ಆಳದ ನೀರಿನಲ್ಲಿ ಆ ಕತ್ತರಿಯ ಅಗಲ ಸುಮಾರು 39 ಡಿಗ್ರಿ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1887ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಹಕ್ಕಿಗೂ ಹಡಗಿಗೂ ಅದೇ ಲೆಕ್ಕ. ಎಂಥ ಚೆಂದ, ಅಲ್ವಾ?

ಅಲೆ ಕಾಣುವುದು ಮೇಲೆ. ಆದರೆ ಅದರ ಕೆಳಗೂ ನೀರು ಸುತ್ತುತ್ತಿರುತ್ತದೆ, ಅಲೆಯ ಉದ್ದದ ಅರ್ಧದಷ್ಟು ಆಳದವರೆಗೆ. ಗಂಟೆಗೆ 17 ಕಿ.ಮೀ. ಓಡುವ ಬೋಟಿನ ಹಿಂದೆ ಒಂದು ಅಡ್ಡಲೆಯ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಸುಮಾರು 14 ಮೀಟರ್. ಅಂದರೆ 7 ಮೀಟರ್, ಹತ್ತಿರ ಹತ್ತಿರ 23 ಅಡಿ ಆಳವಿದ್ದರೆ ಅಲೆಗೆ ನೆಲದ ಹಂಗಿಲ್ಲ. ಏಳೂವರೆ ಅಡಿಗೆ ಇಳಿದರೆ ಕಥೆಯೇ ಬೇರೆ. ಅಷ್ಟು ನೀರಿನಲ್ಲಿ ಅಲೆಯೂ ಹೆಚ್ಚುಕಡಿಮೆ 17 ಕಿ.ಮೀ.ಗಿಂತ ಜೋರಾಗಿ ಓಡಲಾರದು. ಬೋಟು ತನ್ನದೇ ಅಲೆಯನ್ನು ಏರಲು ಒದ್ದಾಡುತ್ತದೆ, ಹಿಂಭಾಗ ಕುಸಿಯುತ್ತದೆ. ಕತ್ತರಿ ಪೂರ್ತಿ ಬಿಚ್ಚಿಕೊಂಡು ಅಲೆ ಅಗಲಕ್ಕೆ ಚದುರುತ್ತದೆ. ಹಲಗೆ ಮೇಲಿರುವವರಿಗೆ ತಳ್ಳುವ ಬಲ ಸಿಗುವುದಿಲ್ಲ.

ಆಳ ಸಿಕ್ಕ ಮೇಲೆ ಬೋಟಿನ ಸರದಿ. ಬೋಟು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅದಕ್ಕೇ ಬೋಟಿನೊಳಗಿನ ದೊಡ್ಡ ಚೀಲಗಳಿಗೆ ಕೆರೆಯ ನೀರನ್ನೇ ತುಂಬಿಸುತ್ತಾರೆ. 400 ಲೀಟರ್ ತುಂಬಿದರೆ 400 ಕೆ.ಜಿ. ಜಾಸ್ತಿ, ಅಲೆಯೂ ದೊಡ್ಡದು. ಭಾರ ಹಿಂದಕ್ಕೆ ಹೋದರೆ ಅಲೆ ಎತ್ತರವಾಗಿ ಕಡಿದಾಗುತ್ತದೆ, ಮುಂದಕ್ಕೆ ಬಂದರೆ ಉದ್ದವಾಗಿ ಮೆತ್ತಗಾಗುತ್ತದೆ. ತಲಕಾಡಿನಲ್ಲಿ ಹರಿಗೋಲು ಹತ್ತಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಬ್ಬರು ಜರುಗಿ ಕೂತರೂ ಅಂಚು ವಾಲುತ್ತದೆ. ಬೋಟನ್ನು ಬೇಕೆಂದೇ ಒಂದು ಪಕ್ಕಕ್ಕೆ ವಾಲಿಸುವುದೂ ಉಂಟು. ಈಗಿನ ಬೋಟುಗಳಲ್ಲಿ ಹಿಂದೆ ಸಣ್ಣ ರೆಕ್ಕೆಗಳಿರುತ್ತವೆ. ಅವು ಒಂದು ಬದಿಯ ನೀರು ಬಂದು ಕೂಡುವುದನ್ನು ತಡ ಮಾಡುತ್ತವೆ, ಆಗ ಇನ್ನೊಂದು ಬದಿಯ ಅಲೆ ನೊರೆಯಿಲ್ಲದೆ ನುಣುಪಾಗಿ ನಿಲ್ಲುತ್ತದೆ. ಆದರೆ ನನ್ನ ಕೇಳಿದರೆ ಆಳವೇ ಮೊದಲು. ಏಳು ಅಡಿ ನೀರಿನಲ್ಲಿ ಚೀಲ ತುಂಬಿ ಪ್ರಯೋಜನವಿಲ್ಲ.

ದಡದಿಂದ ದೂರ ಆಡಬೇಕು ಅನ್ನುವುದಕ್ಕೂ ಇದೇ ಕಾರಣ. ನಡುನೀರಿನಲ್ಲಿ ನೆಲ ಸೋಕದ ಅಲೆ ದಡದ ಹತ್ತಿರ ಸೋಕುತ್ತದೆ. ಬುಡ ನಿಧಾನವಾಗುತ್ತದೆ, ನೆತ್ತಿ ಮುಂದಕ್ಕೆ ಮಗುಚಿ ಬೀಳುತ್ತದೆ. ಕೆಂಪು ಮಣ್ಣು ಕಿತ್ತು ನೀರಿನೊಳಕ್ಕೆ ಬರುತ್ತದೆ.