ಅವಧಿಗೆ ಮುನ್ನ ಬರುವ ನೋವು, ಮನೆಯಲ್ಲೇ ಕಳೆದುಹೋಗುವ ಗಂಟೆಗಳು

ದಿನ ತುಂಬಿದ ಬಸುರಿಗೆ ನಾವೇ ಹೇಳಿಕೊಡುವ ಒಂದು ಮಾತು ದಿನ ತುಂಬದ ಬಸುರಿಯ ಮನೆಯಲ್ಲಿ ಅನಾಹುತಕ್ಕೆ ಕಾರಣವಾಗುವುದನ್ನು ಮತ್ತೆ ಮತ್ತೆ ನೋಡಿದ ಬೇಸರದಿಂದ ಇದನ್ನು ಬರೆಯುತ್ತಿದ್ದೇನೆ. ಚೊಚ್ಚಲ ಹೆರಿಗೆಯಾದರೆ, ಒಂಬತ್ತು ತಿಂಗಳು ತುಂಬಿದ ಮೇಲೆ, "ಸಣ್ಣ ನೋವು ಕಂಡ ಕೂಡಲೇ ಓಡಿ ಬರಬೇಕಿಲ್ಲ, ನೋವು ಒಂದು ಕ್ರಮಕ್ಕೆ ಬರಲಿ" ಎನ್ನುತ್ತೇವೆ. ನೀರು ಹೋಗುತ್ತಿಲ್ಲ, ರಕ್ತ ಕಾಣಿಸಿಲ್ಲ, ಮಗು ಚೆನ್ನಾಗಿ ಮಿಸುಕಾಡುತ್ತಿದೆ ಎಂದಾದರೆ ಅದು ಸರಿಯಾದ ಸಲಹೆಯೇ. ಆದರೆ ಅದೇ ಸಲಹೆಯನ್ನು ಮೂವತ್ತನೆಯ ವಾರದಲ್ಲಿ ಪಾಲಿಸಿದರೆ ಏನು ಕೈತಪ್ಪುತ್ತದೆ ಎಂಬುದು ಮನೆಯವರಿಗೆ ತಿಳಿದಿರುವುದಿಲ್ಲ. "ಸುಳ್ಳು ನೋವಿರಬೇಕು, ಜೀರಿಗೆ ಕಷಾಯ ಕುಡಿದು ಮಲಗು, ಬೆಳಗಾಗಲಿ ನೋಡೋಣ" ಎಂದು ಹಿರಿಯರು ಅಕ್ಕರೆಯಿಂದಲೇ ಹೇಳಿರುತ್ತಾರೆ. ಬೆಳಗಾಗುವಷ್ಟರಲ್ಲಿ ನಾವು ಆ ಮಗುವಿಗಾಗಿ ಮಾಡಬಹುದಾಗಿದ್ದ ಅತ್ಯಂತ ಮುಖ್ಯವಾದ ಕೆಲಸದ ಸಮಯ ಮುಗಿದುಹೋಗಿರುತ್ತದೆ.

ಆಸ್ಪತ್ರೆಗೆ ಬಂದರೆ ವೈದ್ಯರು ಎರಡರಲ್ಲಿ ಒಂದನ್ನು ಮಾಡುತ್ತಾರೆ, ನೋವನ್ನು ನಿಲ್ಲಿಸುತ್ತಾರೆ ಇಲ್ಲವೇ ಹೆರಿಗೆ ಮಾಡಿಸುತ್ತಾರೆ ಎಂಬುದು ಬಹುತೇಕರ ಕಲ್ಪನೆ. ಹಾಗಿದ್ದ ಮೇಲೆ ನೋವು ನಿಜವೆಂದು ಖಚಿತವಾದ ಮೇಲೆ ಹೋದರೆ ಸಾಕಲ್ಲ ಎಂದು ಅವರು ಯೋಚಿಸುವುದರಲ್ಲಿ ತರ್ಕವಿದೆ. ಆ ತರ್ಕ ತಪ್ಪುವುದು ಇಲ್ಲಿ: 37 ವಾರ ತುಂಬುವ ಮೊದಲು ನಿಜವಾಗಿಯೂ ಆರಂಭವಾದ ಹೆರಿಗೆಯನ್ನು ವಾರಗಟ್ಟಲೆ ತಡೆದು ನಿಲ್ಲಿಸುವ ಔಷಧ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ನಿಫೆಡಿಪಿನ್‌ನಂಥ ಮಾತ್ರೆಗಳು ಗರ್ಭಕೋಶದ ಬಿಗಿತವನ್ನು ಹೆಚ್ಚೆಂದರೆ ಒಂದೆರಡು ದಿನ ಮುಂದೂಡಬಹುದು, ಅದೂ ಎಲ್ಲರಿಗೂ ಅಲ್ಲ; ರಕ್ತಸ್ರಾವವಿದ್ದರೆ ಅಥವಾ ಗರ್ಭದೊಳಗೆ ಸೋಂಕಿದೆ ಎಂದಾದರೆ ಮುಂದೂಡುವುದೇ ಅಪಾಯ. ನಿಮ್ಮನ್ನು ಬೇಗ ಬನ್ನಿ ಎನ್ನುವುದು ಹೆರಿಗೆಯನ್ನು ನಿಲ್ಲಿಸುವ ಭರವಸೆಯಿಂದಲ್ಲ. ಆ ಒಂದೆರಡು ದಿನ ಸಿಕ್ಕರೆ, ಹೊಟ್ಟೆಯೊಳಗಿರುವ ಮಗುವನ್ನೇ ಹೊರಗಿನ ಉಸಿರಾಟಕ್ಕೆ ಸಜ್ಜುಗೊಳಿಸಬಹುದು ಎಂಬ ಕಾರಣಕ್ಕೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವಿದ್ಯಾವಂತರ ಮನೆಗಳಲ್ಲೂ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಉಸಿರು ಬಿಟ್ಟಾಗ ಒಳಗೊಳಗೇ ಅಂಟಿಕೊಳ್ಳದಂತೆ ಕಾಯುವ ಒಂದು ಜಿಡ್ಡಿನ ಪದಾರ್ಥವಿದೆ, ಅದನ್ನು ಸರ್ಫ್ಯಾಕ್ಟೆಂಟ್ ಎನ್ನುತ್ತೇವೆ. ದಿನ ತುಂಬದ ಮಗುವಿನಲ್ಲಿ ಅದು ಸಾಕಷ್ಟು ತಯಾರಾಗಿರುವುದಿಲ್ಲವಾದ್ದರಿಂದ ಪ್ರತಿ ಉಸಿರಿಗೂ ಮಗು ಹೊಸದಾಗಿ ಹೆಣಗಬೇಕಾಗುತ್ತದೆ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಗ್ರಹಾಂ ಲಿಗಿನ್ಸ್ ಎಂಬ ಪ್ರಸೂತಿ ತಜ್ಞರು ಹೆರಿಗೆ ಹೇಗೆ ಆರಂಭವಾಗುತ್ತದೆ ಎಂದು ತಿಳಿಯಲು ಗಬ್ಬದ ಕುರಿಗಳ ಮೇಲೆ ಅಧ್ಯಯನ ನಡೆಸುತ್ತಿದ್ದಾಗ, ಸ್ಟೀರಾಯ್ಡ್ ಪಡೆದ ಮರಿಗಳು ಅವಧಿಗೆ ಬಹಳ ಮೊದಲೇ ಹುಟ್ಟಿದರೂ ಉಸಿರಾಡುತ್ತಿದ್ದುದನ್ನು ಗಮನಿಸಿದರು. ಅವರೂ ಮಕ್ಕಳ ತಜ್ಞರಾದ ರಾಸ್ ಹೋವಿ ಅವರೂ ಸೇರಿ ಬಸುರಿಯರಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 1972ರಲ್ಲಿ ಪ್ರಕಟವಾಯಿತು. ತಾಯಿಗೆ ಕೊಟ್ಟ ಔಷಧ ಮಾಸನ್ನು ದಾಟಿ ಮಗುವನ್ನು ತಲುಪಿ, ಅದರ ಶ್ವಾಸಕೋಶವನ್ನು ಬೇಗ ಬಲಿಯುವಂತೆ ಮಾಡುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೂ ಇದು ಫಲಿಸುತ್ತದೆಯೇ ಎಂಬ ಸಂದೇಹ ಬಹುಕಾಲ ಇತ್ತು. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ, 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನವಜಾತ ಶಿಶುಗಳ ಸಾವು ಶೇಕಡಾ 23.5ರಿಂದ 19.6ಕ್ಕೆ ಇಳಿದದ್ದು ಕಂಡುಬಂತು.

ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್. 24ರಿಂದ 34 ವಾರದೊಳಗಿನ ಬಸುರಿಗೆ 6 ಮಿಲಿಗ್ರಾಂನಂತೆ, 12 ಗಂಟೆಗೊಮ್ಮೆ, ನಾಲ್ಕು ಚುಚ್ಚುಮದ್ದು. ಅದಕ್ಕಾಗುವ ಖರ್ಚು ಗಣನೆಗೇ ಬಾರದಷ್ಟು ಕಡಿಮೆ. ಬೇಕಾಗಿರುವುದು ಸಮಯ. ಪರಿಣಾಮ ಕೆಲವು ಗಂಟೆಗಳಲ್ಲೇ ಆರಂಭವಾದರೂ, ಹೆಚ್ಚಿನ ಪ್ರಯೋಜನ ಸಿಗುವುದು ಮೊದಲ ಚುಚ್ಚುಮದ್ದಿನ ನಂತರ ಒಂದು ದಿನವಾದರೂ ಕಳೆದು, ಒಂದು ವಾರದೊಳಗೆ ಹೆರಿಗೆಯಾದಾಗ. ಈಗ ಲೆಕ್ಕ ಹಾಕಿ ನೋಡಿ. ರಾತ್ರಿ ಹತ್ತಕ್ಕೆ ಸೊಂಟ ಹಿಡಿದುಕೊಂಡವಳು ಹನ್ನೊಂದಕ್ಕೆ ಹತ್ತಿರದ ಆಸ್ಪತ್ರೆ ತಲುಪಿದ್ದರೆ ಅಲ್ಲಿಯೇ ಮೊದಲ ಚುಚ್ಚುಮದ್ದು ಬೀಳುತ್ತಿತ್ತು. ಬೆಳಗ್ಗೆ ಏಳಕ್ಕೆ, ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೆ ಬಂದವಳಿಗೆ ಕೊಡುವ ಚುಚ್ಚುಮದ್ದು ಮಗುವಿಗಿಂತ ಹಿಂದೆ ಉಳಿಯುತ್ತದೆ. 32 ವಾರಕ್ಕಿಂತ ಮೊದಲಿನ ಹೆರಿಗೆಯಲ್ಲಿ ಮಗುವಿನ ಮೆದುಳಿನ ರಕ್ಷಣೆಗೆಂದು ತಾಯಿಗೆ ಕೊಡುವ ಮೆಗ್ನೀಸಿಯಂ ಸಲ್ಫೇಟ್‌ಗೂ ಒಂದಿಷ್ಟು ಗಂಟೆಗಳು ಬೇಕು. ನವಜಾತ ಶಿಶುಗಳ ವಿಶೇಷ ಘಟಕವಿರುವ ಊರಿಗೆ, ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಸಾಗಿಸಲೂ ಗಂಟೆಗಳು ಬೇಕು. ಹುಟ್ಟಿದ ಮೇಲೆ ಒಂದೂಕಾಲು ಕಿಲೋ ತೂಕದ ಮಗುವನ್ನು ತೀರ್ಥಹಳ್ಳಿಯಿಂದ ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ, ಮಳೆಗಾಲದ ರಸ್ತೆಯಲ್ಲಿ, ಮೈ ಬೆಚ್ಚಗಿರಿಸಿಕೊಂಡು ತರುವುದು ಎಂಥ ಕಷ್ಟವೆಂದು ತಂದವರಿಗೇ ಗೊತ್ತು.

ಅಡಿಕೆ ಸುಲಿಯುವ ಕಾಲದಲ್ಲಿ ಬಂದ ಒಬ್ಬ ತಾಯಿಯ ನೆನಪು ಇದನ್ನು ಬರೆಯುವಾಗ ಬಿಡದೆ ಬರುತ್ತದೆ. ಹೊಸನಗರ ತಾಲ್ಲೂಕಿನ ತೋಟದ ಮನೆಯವಳು, 31 ವಾರ. ಸಂಜೆಯಿಂದ ಸೊಂಟದಲ್ಲಿ ಬಂದು ಬಂದು ಹೋಗುವ ನೋವು. ಮೆಟ್ಟುಗತ್ತಿಯ ಮುಂದೆ ಹೊತ್ತುಗಟ್ಟಲೆ ಕೂತರೆ ಯಾರಿಗಾದರೂ ಸೊಂಟ ನೋಯುತ್ತದೆ, ಹಾಗಾಗಿ ಯಾರೂ ಬೇರೆ ಯೋಚಿಸಲಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ನೋವು ಗಡಿಯಾರ ನೋಡಿದಂತೆ ಬರತೊಡಗಿತ್ತಂತೆ. "ಅತ್ತೆಯವರು ದಿನವಿಡೀ ದುಡಿದು ಮಲಗಿದ್ರು ಮೇಡಂ, ಎಬ್ಬಿಸೋದು ಹೇಗೆ ಅಂತ ಸುಮ್ಮನಿದ್ದೆ" ಎಂದು ಆಮೇಲೆ ಹೇಳಿದಳು. ಆ ಅತ್ತೆಯೋ, ಎಬ್ಬಿಸಿದ್ದರೆ ಬರಿಗಾಲಲ್ಲಿ ಓಡಿಬರುವಂಥ ಹೆಂಗಸು. ನಮ್ಮಲ್ಲಿಗೆ ಬಂದ ಅರ್ಧ ಗಂಟೆಯಲ್ಲಿ ಹೆರಿಗೆಯಾಯಿತು. ಮಗು ಬದುಕಿತು, ಆದರೆ ಉಸಿರಿನ ಯಂತ್ರದ ಮೇಲೆ ಅದು ಕಳೆದ ದಿನಗಳಲ್ಲಿ ಬಹುಪಾಲು ತಪ್ಪಿಸಬಹುದಾಗಿತ್ತು ಎಂದೇ ನನ್ನ ಅಂದಾಜು. ಖಚಿತವಾಗಿ ತಪ್ಪುತ್ತಿತ್ತು ಎಂದು ಯಾವ ವೈದ್ಯರೂ ಹೇಳಲಾರರು.

ಹಾಗಾದರೆ ಯಾವುದಕ್ಕೆ ಬರಬೇಕು? 37 ವಾರ ತುಂಬುವ ಮೊದಲು, ಹೊಟ್ಟೆ ಕಲ್ಲಿನಂತೆ ಬಿಗಿಯಾಗಿ ಸಡಿಲವಾಗುವುದು ಹತ್ತು ನಿಮಿಷಕ್ಕೊಮ್ಮೆ ಅಥವಾ ಅದಕ್ಕಿಂತ ಬೇಗ ಬೇಗ ಆಗುತ್ತಿದ್ದರೆ ಬರಬೇಕು, ನೋವು ಇಲ್ಲದಿದ್ದರೂ. ಬಂದು ಹೋಗುವ ಸೊಂಟನೋವು, ಮುಟ್ಟಿನ ನೋವಿನಂಥ ಕಿಬ್ಬೊಟ್ಟೆಯ ಸೆಳೆತ, ಮಗು ಕೆಳಕ್ಕೆ ಒತ್ತಿದಂತಾಗುವುದು, ರಕ್ತದ ಎಳೆಯಿರುವ ಲೋಳೆ, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ನೀರು ಹೋಗುವುದೆಂದರೆ ಬಿಂದಿಗೆ ಮಗುಚಿದಂತೆ ಹೋಗಬೇಕಿಲ್ಲ; ಮೂತ್ರವೋ ಏನೋ ಎಂದು ಅನುಮಾನ ಬರುವಷ್ಟು, ಬಟ್ಟೆ ಮತ್ತೆ ಮತ್ತೆ ಒದ್ದೆಯಾಗುವಷ್ಟು ಜಿನುಗಿದರೂ ಅದೇ ದಿನ, ಅದೇ ಹೊತ್ತಿನಲ್ಲಿ ತೋರಿಸಬೇಕು. ಹೊರಡುವ ಮೊದಲು ಹರಳೆಣ್ಣೆ ಕುಡಿಸಬೇಡಿ. ತಾಯಿ ಕಾರ್ಡ್ ಜೊತೆಗೆ ಮೊದಲ ಸ್ಕ್ಯಾನಿನ ವರದಿಯನ್ನು ತನ್ನಿ. "ಎಂಟನೇ ತಿಂಗಳು" ಎಂಬ ಲೆಕ್ಕದಿಂದ ಔಷಧ ನಿರ್ಧರಿಸಲಾಗದು, ನಮಗೆ ವಾರ ತಿಳಿಯಬೇಕು, ಅದನ್ನು ಎಲ್ಲಕ್ಕಿಂತ ಸರಿಯಾಗಿ ಹೇಳುವುದು ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್.

ತಿಂಗಳ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಲೇಬೇಕು. ಏಳು ತಿಂಗಳಿಗೆ ಹುಟ್ಟಿದ ಮಗು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ನಂಬಿಕೆ ಮಲೆನಾಡಿನಲ್ಲಿ ಇಂದಿಗೂ ಗಟ್ಟಿಯಾಗಿದೆ. ಎಂಟನೇ ತಿಂಗಳಲ್ಲಿ ಓಜಸ್ಸು ಸ್ಥಿರವಾಗಿರುವುದಿಲ್ಲ ಎಂಬ ಮಾತು ಆಯುರ್ವೇದದ ಹಳೆಯ ಗ್ರಂಥಗಳಲ್ಲೂ ಇರುವುದರಿಂದ ಇದನ್ನು ಅಜ್ಞಾನವೆಂದು ಹೀಗಳೆಯಲು ನಾನು ಸಿದ್ಧಳಿಲ್ಲ. ಆದರೆ ಇಂದು ನಮ್ಮ ಕಣ್ಣೆದುರಿಗಿರುವ ಅನುಭವ ಬೇರೆಯೇ ಇದೆ: ಗರ್ಭದಲ್ಲಿ ಕಳೆಯುವ ಒಂದೊಂದು ವಾರವೂ ಮಗು ಉಳಿಯುವ ಸಾಧ್ಯತೆಯನ್ನು ಹೆಚ್ಚಿಸುತ್ತದೆಯೇ ಹೊರತು ಎಂಟಕ್ಕೆ ಬಂದಾಗ ಇಳಿಸುವುದಿಲ್ಲ. ಈ ನಂಬಿಕೆಯ ದುಷ್ಪರಿಣಾಮ ಎರಡು ಬಗೆಯದು. ಏಳರಲ್ಲಿ ನೋವು ಬಂದರೆ ಹೇಗೂ ಉಳಿಯುತ್ತದೆ ಎಂಬ ಧೈರ್ಯ, ಎಂಟರಲ್ಲಿ ಬಂದರೆ ಹೇಗೂ ಉಳಿಯದು ಎಂಬ ನಿರಾಶೆ, ಎರಡೂ ಕೊನೆಗೆ ತಡಮಾಡುವುದರಲ್ಲೇ ಮುಗಿಯುತ್ತವೆ.

ಕಾಯುವ ಅಭ್ಯಾಸಕ್ಕೆ ನಮ್ಮ ನೆಲದ ಕಾರಣವೂ ಇದೆ ಎಂಬುದನ್ನು ಮರೆಯಬಾರದು. ತುಮರಿಯ ಕಡೆಯವರಿಗೆ ಸಂಜೆಯ ಲಾಂಚ್ ತಪ್ಪಿದರೆ ಶರಾವತಿ ಹಿನ್ನೀರು ದಾಟಲು ಬೆಳಗಿನವರೆಗೆ ಕಾಯದೆ ಗತಿಯಿರಲಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ತೆರೆದಿದೆ, ರಾತ್ರಿಯೂ ಬರಬಹುದು. ಆದರೆ ತಲೆಮಾರುಗಳ "ಬೆಳಗಾಗಲಿ" ಎಂಬ ರೂಢಿ ಸೇತುವೆ ಆದ ಮಾತ್ರಕ್ಕೆ ಹೋಗುವುದಿಲ್ಲ. ಮೊಬೈಲ್ ಸಿಗ್ನಲ್ ಸಿಗದ ಮನೆಗಳು ಆಗುಂಬೆ, ಬಿದನೂರು ನಗರ, ನಿಟ್ಟೂರಿನ ಕಡೆ ಈಗಲೂ ಇವೆ. ಅಂಥ ಕಡೆ ಏಳನೇ ತಿಂಗಳು ಬಿದ್ದ ಕೂಡಲೇ, ರಾತ್ರಿ ಯಾರ ಜೀಪು ಕೇಳುವುದು, ಯಾವ ದಿಣ್ಣೆ ಹತ್ತಿದರೆ 108ಕ್ಕೆ ಕರೆ ಹೋಗುತ್ತದೆ ಎಂಬುದನ್ನು ಗಂಡನಾದವನು ತಿಳಿದಿಟ್ಟುಕೊಳ್ಳಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ನೇರವಾಗಿ ಬರಬೇಕೆಂದು ಹಟ ಹಿಡಿಯುವುದೂ ಬೇಡ. ಮೊದಲ ಡೆಕ್ಸಾಮೆಥಾಸೋನನ್ನು ಕೊಟ್ಟು ಕಳುಹಿಸಲು ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಸಹಾಯಕ ಶುಶ್ರೂಷಕಿಯರಿಗೂ ಅವಕಾಶ ಕೊಟ್ಟಿದೆ. ಆದ್ದರಿಂದ ದಾರಿಯಲ್ಲಿ ಸಿಗುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಹತ್ತು ನಿಮಿಷ ನಿಲ್ಲುವುದು ಸಮಯ ಹಾಳುಮಾಡಿದಂತಲ್ಲ.

ಇದನ್ನು ಓದಿ, ಎಲ್ಲ ಬಸುರಿಯರಿಗೂ ಎಂಟನೇ ತಿಂಗಳಲ್ಲಿ ಆ ಚುಚ್ಚುಮದ್ದು ಹಾಕಿಸಿಬಿಡೋಣ ಎಂದು ಯಾರೂ ಹೊರಡಬಾರದು. ಈಚೆಗೆ ಅಂಥ ಬೇಡಿಕೆ ಬರುತ್ತಿದೆ. ಬೇಗ ಹೆರಿಗೆಯಾಗುವ ಲಕ್ಷಣವಿಲ್ಲದವರಿಗೆ ಅದು ಬೇಡ, ಸೋಂಕಿದ್ದವರಿಗೆ ಕೊಡುವಾಗ ಎಚ್ಚರ ಬೇಕು, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರುತ್ತದೆ. ಪರೀಕ್ಷಿಸಿದ ವೈದ್ಯರೇ ನಿರ್ಧರಿಸಬೇಕಾದ ವಿಷಯ ಇದು. ಅವಧಿಗೆ ಮುನ್ನ ನೋವೆಂದು ಬಂದವರಲ್ಲಿ ಬಹಳಷ್ಟು ಮಂದಿಗೆ ನೋವು ತಾನಾಗಿ ನಿಂತು, ದಿನ ತುಂಬಿಯೇ ಹೆರಿಗೆಯಾಗುತ್ತದೆ. ಅಂಥವರ ಮನೆಯವರು "ಸುಮ್ಮನೆ ಬಾಡಿಗೆ ಕೊಟ್ಟು ಬಂದಂತಾಯ್ತು" ಎಂದು ಹುಡುಗಿಯ ಮುಂದೆಯೇ ಗೊಣಗುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾತಾಡಬೇಡಿ. ಆ ಗೊಣಗನ್ನು ಒಮ್ಮೆ ಕೇಳಿದವಳು ಮುಂದಿನ ಸಲ ನಿಜವಾದ ನೋವನ್ನೂ ಹಲ್ಲುಕಚ್ಚಿ ಮುಚ್ಚಿಡುತ್ತಾಳೆ.

ಹೆರಿಗೆಯ ನಂತರ ಆ ತಾಯಿಯ ಸ್ಥಿತಿ ನೋಡಲಾಗದು. ಸೀಮಂತದ ಸೀರೆ ಇನ್ನೂ ಮಡಿಕೆ ಬಿಚ್ಚಿರುವುದಿಲ್ಲ, ತವರಿಗೆ ಹೊರಡುವ ದಿನ ನಿಗದಿಯಾಗಿರುತ್ತದೆ, ಅಷ್ಟರಲ್ಲಿ ಮಡಿಲು ಖಾಲಿ, ಮಗು ಗಾಜಿನ ಪೆಟ್ಟಿಗೆಯಲ್ಲಿ. ನೋಡಲು ಬಂದವರು ಸ್ಕೂಟರಿನಲ್ಲಿ ಕೂತದ್ದಕ್ಕೆ, ಪಪ್ಪಾಯಿ ತಿಂದದ್ದಕ್ಕೆ, ಕೊಡ ಎತ್ತಿದ್ದಕ್ಕೆ ಹೀಗಾಯಿತೆಂದು ಅವಳ ಕಿವಿಗೆ ಬೀಳುವಂತೆ ಹೇಳುತ್ತಾರೆ. ಮೂತ್ರದ ಸೋಂಕು, ಅವಳಿ ಮಕ್ಕಳು, ರಕ್ತದೊತ್ತಡ, ಗರ್ಭಕೋಶದ ಬಾಯಿ ಗಿಡ್ಡವಾಗಿರುವುದು ಇಂಥ ಕಾರಣಗಳು ಕೆಲವರಲ್ಲಿ ಸಿಗುತ್ತವೆ. ಉಳಿದ ಅನೇಕರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಅವಳ ಮೇಲೆ ತಪ್ಪು ಹೊರಿಸುವ ಬದಲು ಅವಳಿಗೆ ಮಾಡಲು ಕೆಲಸವಿದೆ ಎಂದು ಹೇಳಿಕೊಡಿ. ಮೊದಲ ಕೆಲವು ಗಂಟೆಗಳಲ್ಲೇ ಗಿಣ್ಣುಹಾಲನ್ನು ಕೈಯಿಂದ ಹಿಂಡಿ ಹನಿಹನಿಯಾಗಿ ಘಟಕಕ್ಕೆ ಕಳುಹಿಸುವುದು, ವೈದ್ಯರು ಒಪ್ಪಿದ ಕೂಡಲೇ ಮಗುವನ್ನು ಬರಿ ಎದೆಗೆ ಒತ್ತಿಕೊಂಡು ದಿನದ ಹೆಚ್ಚಿನ ಹೊತ್ತು ಕೂರುವುದು, ಇವು ಮಗುವಿನ ಜೀವಕ್ಕೆ ಸಂಬಂಧಿಸಿದ ಚಿಕಿತ್ಸೆಗಳೇ. ಅತ್ತೆ, ಅಮ್ಮ, ಗಂಡ ಯಾರಾದರೂ ಸರದಿಯಲ್ಲಿ ಮಗುವನ್ನು ಹಾಗೆ ಎದೆಗಿಟ್ಟುಕೊಳ್ಳಬಹುದು.

ಒಮ್ಮೆ ಹೀಗಾದವರಿಗೆ ಮುಂದಿನ ಬಸುರಿನಲ್ಲೂ ಹೀಗಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಮುಟ್ಟು ನಿಂತದ್ದು ತಿಳಿದ ಕೂಡಲೇ ಹೆಸರು ನೋಂದಾಯಿಸಿ, ಹಿಂದಿನ ಹೆರಿಗೆ ಎಷ್ಟನೇ ವಾರದಲ್ಲಾಯಿತು ಎಂಬುದನ್ನು ಮೊದಲ ಭೇಟಿಯಲ್ಲೇ ತಿಳಿಸಬೇಕು. 16ರಿಂದ 24 ವಾರದ ನಡುವೆ ಗರ್ಭಕೋಶದ ಬಾಯಿಯ ಉದ್ದವನ್ನು ಸ್ಕ್ಯಾನಿನಲ್ಲಿ ಅಳೆದು, ಅಗತ್ಯವಿದ್ದವರಿಗೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕೊಡುವ ಅಥವಾ ಆ ಬಾಯಿಗೆ ಹೊಲಿಗೆ ಹಾಕುವ ಅವಕಾಶವಿದೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ. ಬೇಕೋ ಬೇಡವೋ ಎಂದು ನಿರ್ಧರಿಸಲು ಹಿಂದಿನ ಸಲದ ಡಿಸ್ಚಾರ್ಜ್ ಚೀಟಿ ನಮಗೆ ಬೇಕು, ಅದನ್ನು ಮಗುವಿನ ಜನನ ಪತ್ರದ ಜೊತೆಯಲ್ಲೇ ಇಟ್ಟುಕೊಂಡಿರಿ.