ಅರವಿಂದ್ ಕಣ್ಣಾಸ್ಪತ್ರೆ ಕೇಸ್: ದುಡ್ಡಿನ ಲೆಕ್ಕ, ಕಾರ್ಬನ್ ಲೆಕ್ಕ ಎರಡನ್ನೂ ಒಟ್ಟಿಗೆ ಓದೋದು ಹೇಗೆ

ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಓದ್ತಿರೋರಿಗೆ ಸಸ್ಟೇನಬಿಲಿಟಿ ಯೂನಿಟ್ ಬಂದ ತಕ್ಷಣ ಒಂದು ಗೊಂದಲ ಶುರುವಾಗುತ್ತೆ. ಒಂದು ಪೇಪರ್‌ನಲ್ಲಿ ಆ ಪದಕ್ಕೆ ಆಸ್ಪತ್ರೆ ದುಡ್ಡಿನ ವಿಷಯದಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲೋದು ಅಂತ ಅರ್ಥ, ಇನ್ನೊಂದರಲ್ಲಿ ಕಾರ್ಬನ್ನು ಕಸ ನೀರು ಕರೆಂಟು, ಮತ್ತೊಂದರಲ್ಲಿ ಸ್ಟಾಫ್ ಬಿಟ್ಟು ಹೋಗದೆ ಉಳಿಯೋದು. ನಾನೂ ಮೊದಲು ಮೂರಕ್ಕೂ ಬೇರೆ ಬೇರೆ ಹಾಳೆ ಮಾಡ್ಕೊಂಡು ನೋಟ್ಸ್ ಬರ್ಕೊಂಡಿದ್ದೆ. ಆಮೇಲೆ ಮಧುರೈನ ಅರವಿಂದ್ ಕಣ್ಣಾಸ್ಪತ್ರೆ ಕೇಸನ್ನ ನಿಧಾನಕ್ಕೆ ಕೂತು ಓದಿದಾಗ ಆ ಮೂರು ಹಾಳೆನೂ ಒಟ್ಟಿಗೆ ಪಿನ್ ಹಾಕಿ ಇಟ್ಕೊಂಡೆ, ಯಾಕಂದ್ರೆ ಅಲ್ಲಿ ಖರ್ಚು ಇಳಿಸಿದ ಕೆಲಸದ ಕ್ರಮವೇ ಕಸಾನೂ ಇಳಿಸಿದೆ. ಪರೀಕ್ಷೆಗೆ ಈ ಒಂದು ಕೇಸ್ ಸರಿಯಾಗಿ ಅರ್ಥ ಮಾಡ್ಕೊಂಡ್ರೆ ಯೂನಿಟ್‌ನ ಅರ್ಧ ಭಾಗ ಮುಗಿದ ಹಾಗೆ.

ಮೊದಲು ಹಿನ್ನೆಲೆ ಬೇಗ ಹೇಳಿಬಿಡ್ತೀನಿ. ಡಾ. ಗೋವಿಂದಪ್ಪ ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ರಿಟೈರ್ ಆದ ಮೇಲೆ 1976ರಲ್ಲಿ ಮಧುರೈನಲ್ಲಿ 11 ಬೆಡ್ ಇಟ್ಕೊಂಡು ಶುರು ಮಾಡಿದ್ದು. ಚಿಕ್ಕ ವಯಸ್ಸಲ್ಲೇ ಸಂಧಿವಾತ ಬಂದು ಅವರ ಬೆರಳುಗಳು ಸೊಟ್ಟಗಾಗಿದ್ವು, ಅದೇ ಬೆರಳಲ್ಲಿ ಕತ್ತಿ ಹಿಡಿಯೋದನ್ನ ಅಭ್ಯಾಸ ಮಾಡಿ ಸಾವಿರಾರು ಜನಕ್ಕೆ ಪೊರೆ ಆಪರೇಷನ್ ಮಾಡಿದವರು. ಆಸ್ಪತ್ರೆಯ ಹೆಸರು ಶ್ರೀ ಅರವಿಂದರದ್ದು.

ಈಗ ಮುಖ್ಯ ವಿಷಯ, ಓಟಿ ಅಂದ್ರೆ ಆಪರೇಷನ್ ಥಿಯೇಟರ್ ಒಳಗೆ ಏನಾಗುತ್ತೆ ಅನ್ನೋದು. ಒಬ್ಬ ಸರ್ಜನ್‌ಗೆ ಎರಡು ಟೇಬಲ್. ಒಂದರ ಮೇಲೆ ಆಪರೇಷನ್ ನಡೀತಿರುವಾಗ ಪಕ್ಕದ ಟೇಬಲ್ ಮೇಲೆ ಮುಂದಿನ ಪೇಶೆಂಟ್ ಮಲಗಿ, ಕಣ್ಣು ಕ್ಲೀನ್ ಆಗಿ, ಡ್ರೇಪ್ ಹಾಕಿ ರೆಡಿ ಇರ್ತಾರೆ. ಇಲ್ಲಿ ಮುಗೀತಿದ್ದ ಹಾಗೆ ಡಾಕ್ಟರ್ ಮೈಕ್ರೋಸ್ಕೋಪನ್ನ ಆ ಕಡೆ ತಿರುಗಿಸ್ಕೊಂಡು ಮುಂದಿನ ಕಣ್ಣಿಗೆ ಹೋಗ್ತಾರೆ, ಮಧ್ಯೆ ಕಾಯೋದೇ ಇಲ್ಲ. ಪೇಶೆಂಟ್ ಕರ್ಕೊಂಡು ಬರೋದು, ವಿಷನ್ ಟೆಸ್ಟು, ಲೆನ್ಸ್ ಪವರ್ ಅಳತೆ, ಡ್ರಾಪ್ಸ್, ಆಪರೇಷನ್ ಆದ್ಮೇಲೆ ಧೈರ್ಯ ಹೇಳಿ ಕಳ್ಸೋದು, ಇದೆಲ್ಲ ಮಾಡೋದು ಹಳ್ಳಿಗಳಿಂದ ಆರಿಸಿ ಎರಡು ವರ್ಷ ಟ್ರೈನಿಂಗ್ ಕೊಟ್ಟ ಹೆಣ್ಣುಮಕ್ಕಳು. ಡಾಕ್ಟರ್ ಮಾತ್ರ ಮಾಡಬಹುದಾದ ಕೆಲಸ ಬಿಟ್ಟು ಬೇರೇನೂ ಡಾಕ್ಟರ್ ಕೈಗೆ ಬರಲ್ಲ. ಹಾಗಾಗಿ ಅಲ್ಲಿನ ಒಬ್ಬ ಸರ್ಜನ್ ವರ್ಷಕ್ಕೆ ಸುಮಾರು 2000 ಆಪರೇಷನ್ ಮಾಡ್ತಾರೆ ಅಂತ ಕೇಸ್ ಸ್ಟಡಿಗಳಲ್ಲಿ ಬರುತ್ತೆ, ಇದು ದೇಶದ ಸರಾಸರಿಯ ಎಷ್ಟೋ ಪಟ್ಟು. ಡಾಕ್ಟರಿಗೆ ಓಡು ಓಡು ಅಂದಿದ್ದರಿಂದ ಬಂದ ಸಂಖ್ಯೆ ಅಲ್ಲ ಇದು, ಅವರು ಸುಮ್ನೆ ನಿಂತು ಕಾಯ್ತಿದ್ದ ಸಮಯ ತೆಗೆದುಹಾಕಿದ್ದರಿಂದ ಬಂದದ್ದು, ಉತ್ತರದಲ್ಲಿ ಈ ವ್ಯತ್ಯಾಸ ಬರೀಲೇಬೇಕು.

ದುಡ್ಡಿನ ಕಡೆ ನೋಡಿದ್ರೆ, ಅರ್ಧಕ್ಕಿಂತ ಹೆಚ್ಚು ಆಪರೇಷನ್ ಉಚಿತ ಇಲ್ಲಾ ತುಂಬಾ ಕಮ್ಮಿ ರೇಟಿಗೆ. ದುಡ್ಡು ಕೊಡೋರ ಹಣದಲ್ಲಿ ಕೊಡಲಾಗದವರ ಖರ್ಚೂ ನಡೆಯುತ್ತೆ, ಇದನ್ನೇ ಕ್ರಾಸ್ ಸಬ್ಸಿಡಿ ಅನ್ನೋದು. ನನಗೆ ತುಂಬಾ ಇಷ್ಟ ಆಗಿದ್ದು ಏನಂದ್ರೆ ಯಾರ ಹತ್ರನೂ ಬಿಪಿಎಲ್ ಕಾರ್ಡು, ಆದಾಯ ಸರ್ಟಿಫಿಕೇಟು ಕೇಳಲ್ಲ, ಯಾವ ಸಾಲಲ್ಲಿ ನಿಲ್ಲಬೇಕು ಅನ್ನೋದು ಪೇಶೆಂಟಿಗೇ ಬಿಟ್ಟಿದ್ದು. ರೂಮು, ಎಸಿ, ಮಂಚ ಇದರಲ್ಲಿ ವ್ಯತ್ಯಾಸ ಇದೆ, ಉಚಿತದ ಕಡೆ ಚಾಪೆ ಮೇಲೆ ಮಲಗ್ತಾರೆ, ಆದರೆ ಡಾಕ್ಟರುಗಳು ಎರಡೂ ಕಡೆಗೂ ಸರದಿ ಮೇಲೆ ಹೋಗ್ತಾರೆ. ಆಮೇಲೆ ಕಣ್ಣೊಳಗೆ ಹಾಕೋ ಲೆನ್ಸು. ಆಗ ಹೊರದೇಶದಿಂದ ತರಿಸಿದ್ರೆ ಒಂದಕ್ಕೆ ಸುಮಾರು 100 ಡಾಲರ್, 1992ರಲ್ಲಿ ಆರೋಲ್ಯಾಬ್ ಅಂತ ತಮ್ಮದೇ ಘಟಕ ಶುರು ಮಾಡಿ ಅದನ್ನ 10 ಡಾಲರ್ ಹತ್ತಿರಕ್ಕೆ ತಂದ್ರು. ಇಷ್ಟು ದೊಡ್ಡ ಖರ್ಚು ಇಳಿಯದೆ ಇದ್ದಿದ್ರೆ ಉಚಿತ ಆಪರೇಷನ್‌ನಲ್ಲಿ ಲೆನ್ಸ್ ಹಾಕೋದು ಆಗ್ತಾನೇ ಇರಲಿಲ್ಲ.

ಇಲ್ಲಿವರೆಗಿನ ಕಥೆ ಎಲ್ಲಾ ಮ್ಯಾನೇಜ್‌ಮೆಂಟ್ ಕ್ಲಾಸಲ್ಲೂ ಹೇಳ್ತಾರೆ. ಕಾರ್ಬನ್ ಭಾಗಕ್ಕೆ ಬಂದಾಗ ನಮ್ಮಲ್ಲಿ ತುಂಬಾ ಜನ ತಪ್ಪು ಮಾಡ್ತಾರೆ, ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೋಗೋಣ.

2013ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಒಂದು ಅಧ್ಯಯನ ಬಂತು. ಒಬ್ಬ ಪೇಶೆಂಟಿನ ಪೊರೆ ಚಿಕಿತ್ಸೆ ಪೂರ್ತಿ ಮುಗಿಯೋಷ್ಟರಲ್ಲಿ ಸುಮಾರು 182 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಹೋಗುತ್ತೆ ಅಂತ ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖರೀದಿ ಮಾಡಿದ ಸಾಮಾನುಗಳದ್ದು, ಕಟ್ಟಡ ಮತ್ತು ಎನರ್ಜಿ ಶೇ. 36ರಷ್ಟು, ಓಡಾಟ ಶೇ. 10ರಷ್ಟು. 2017ರಲ್ಲಿ ಕ್ಯಾಸಾಂಡ್ರಾ ಥೀಲ್ ಮತ್ತು ಜೊತೆಗಾರರು ಅರವಿಂದ್‌ನಲ್ಲಿ ಫೇಕೋ (ಶಬ್ದತರಂಗದಿಂದ ಪೊರೆ ಪುಡಿ ಮಾಡಿ ತೆಗೆಯೋ) ಆಪರೇಷನ್ ಅಳೆದು ನೋಡಿದಾಗ ಒಂದಕ್ಕೆ ಸುಮಾರು 6 ಕೆಜಿ, ಕಸ 250 ಗ್ರಾಂ. ಬ್ರಿಟನ್ನಿನ ಸುಮಾರು ಶೇ. 5ರಷ್ಟು ಅಂತ ಆ ಪೇಪರ್ ಹೇಳುತ್ತೆ.

ಈಗ ಕ್ಯಾಲ್ಕುಲೇಟರ್ ತಗೊಂಡು 6ನ್ನ 182ರಿಂದ ಭಾಗಿಸಿ ನೋಡಿ, ಶೇ. 3.3 ಬರುತ್ತೆ, 5 ಬರಲ್ಲ. ನಾನು ಇದೇ ಜಾಗದಲ್ಲಿ ಒಂದು ಸಂಜೆ ಪೂರ್ತಿ ತಲೆ ಕೆಡಿಸ್ಕೊಂಡಿದ್ದೆ. ಕಾರ್ಡಿಫ್ ಲೆಕ್ಕದಲ್ಲಿ ಪೇಶೆಂಟಿನ ಓಡಾಟ, ಆಸ್ಪತ್ರೆ ಕಟ್ಟಡ ಎಲ್ಲಾ ಸೇರಿದೆ, ಅದು ಇಡೀ ಚಿಕಿತ್ಸೆಯ ದಾರಿ. ಅರವಿಂದ್‌ದು ಒಂದು ಆಪರೇಷನ್ನಿನ ಲೆಕ್ಕ. ಎರಡರ ಗಡಿ ಬೇರೆ. ಲೈಫ್ ಸೈಕಲ್ ಅಸೆಸ್‌ಮೆಂಟ್, ಅಂದ್ರೆ ತಯಾರಾಗೋದ್ರಿಂದ ಕಸ ಆಗೋವರೆಗಿನ ಪರಿಸರದ ಹೊರೆ ಲೆಕ್ಕ, ಓದುವಾಗ ಮೊದಲು ನೋಡಬೇಕಾದ್ದು ಸಂಖ್ಯೆ ಅಲ್ಲ, ಎಲ್ಲಿಂದ ಎಲ್ಲಿವರೆಗೆ ಅಳೆದಿದ್ದಾರೆ, ಯಾವ ಒಂದು ಘಟಕಕ್ಕೆ ಅಳೆದಿದ್ದಾರೆ ಅನ್ನೋದು. ಇದು ಬರೆಯದೆ ಎರಡು ಸಂಖ್ಯೆ ಪಕ್ಕಪಕ್ಕ ಇಟ್ರೆ ಉತ್ತರ ಪೊಳ್ಳು.

ಅರವಿಂದ್‌ನಲ್ಲಿ ಕಸ ಅಷ್ಟು ಕಮ್ಮಿ ಇರೋಕೆ ಒಂದು ಕಾರಣ, ಹೆಚ್ಚಿನ ಸಾಮಾನನ್ನ ಎಸೆಯದೆ ಸ್ಟೆರಿಲೈಸ್ ಮಾಡಿ ಮತ್ತೆ ಬಳಸೋದು. ಆಗ ಇನ್ನೊಂದು ಪ್ರಶ್ನೆ ಯಾರಾದ್ರೂ ಕೇಳೇ ಕೇಳ್ತಾರೆ, ಸಾಮಾನು ಮತ್ತೆ ಮತ್ತೆ ಬಳಸಿದ್ರೆ ಸೋಂಕು ಬರಲ್ವಾ ಅಂತ. ನ್ಯಾಯವಾದ ಪ್ರಶ್ನೆ. ಥೀಲ್ ಅವರ ಪೇಪರ್, ಆಪರೇಷನ್ ಫಲಿತಾಂಶ ಎರಡೂ ಕಡೆ ಹೋಲುತ್ತೆ ಅಂತ ಹೇಳಿಯೇ ಕಾರ್ಬನ್ ಹೋಲಿಸಿದ್ದು, ಫಲಿತಾಂಶ ಕೆಟ್ಟದ್ದಾಗಿದ್ರೆ 6 ಕೆಜಿಗೆ ಏನೂ ಬೆಲೆ ಇಲ್ಲ. ಅದೇ ವರ್ಷ ಅರವಿಂದ್‌ನದ್ದೇ ಇನ್ನೊಂದು ಅಧ್ಯಯನ ಬಂತು, 6 ಲಕ್ಷಕ್ಕೂ ಹೆಚ್ಚು ಆಪರೇಷನ್ನಿನ ದಾಖಲೆ ನೋಡಿದ್ದು. ಆಪರೇಷನ್ ಕೊನೆಗೆ ಕಣ್ಣೊಳಗೆ ಮಾಕ್ಸಿಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯಾಟಿಕ್ ಕೊಟ್ಟಾಗ ಕಣ್ಣೊಳಗಿನ ಸೋಂಕು ಶೇ. 0.07ರಿಂದ 0.02ಕ್ಕೆ ಇಳೀತು ಅಂತ ಬಂತು. ಇಷ್ಟು ದೊಡ್ಡ ದಾಖಲೆ ಇಟ್ಕೊಂಡಿದ್ದರಿಂದಲೇ ಅಷ್ಟು ಚಿಕ್ಕ ವ್ಯತ್ಯಾಸ ಕಣ್ಣಿಗೆ ಬಿದ್ದಿದ್ದು.

ಆದರೆ ಮರುಬಳಕೆ ಅಂದ ತಕ್ಷಣ ಶೂನ್ಯ ಹೊರೆ ಅಂದ್ಕೋಬೇಡಿ. ಅರವಿಂದ್‌ನಲ್ಲಿ ಪರಿಸರದ ಮೇಲಿನ ಹೊರೆಯ ಹೆಚ್ಚಿನ ಪಾಲು ಬಂದಿರೋದು ಸಾಮಾನುಗಳನ್ನ ಸ್ಟೆರಿಲೈಸ್ ಮಾಡೋ ಹಂತದಲ್ಲೇ. ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಸ್ಟೆರಿಲೈಸ್ ಮಾಡೋ ಯಂತ್ರ) ತುಂಬ ಸಾಮಾನು ಇಟ್ಟು ಓಡಿಸಿದ್ರೆ ಒಂದೊಂದು ಸೆಟ್‌ಗೆ ಬರೋ ಪಾಲು ಕಮ್ಮಿ, ಅರ್ಧ ಖಾಲಿ ಓಡಿಸಿದ್ರೆ ಅದೇ ಕರೆಂಟು ಅದೇ ನೀರು ಅರ್ಧ ಸೆಟ್‌ಗಳ ತಲೆ ಮೇಲೆ. ದಿನಕ್ಕೆ ನಾಲ್ಕು ಕೇಸ್ ಮಾಡೋ ನರ್ಸಿಂಗ್ ಹೋಮ್ ಇದನ್ನ ಹಾಗೇ ಕಾಪಿ ಮಾಡಿದ್ರೆ ಅದೇ ಲಾಭ ಸಿಗುತ್ತೆ ಅಂತ ಹೇಳೋಕಾಗಲ್ಲ.

ನನ್ನ ಪೋಸ್ಟಿಂಗ್ ಒಂದು ಆಸ್ಪತ್ರೆಯಲ್ಲಿತ್ತು, ಹೆಸರು ಬೇಡ. ಓಟಿ ಪಕ್ಕದ ಚಿಕ್ಕ ರೂಮಲ್ಲಿ ಹಳದಿ, ಕೆಂಪು, ನೀಲಿ ಬಕೆಟ್‌ಗಳು, ಸೂಜಿಗಳಿಗೆ ಬಿಳಿ ಡಬ್ಬಿ, ಗೋಡೆ ಮೇಲೆ 2016ರ ಬಯೋಮೆಡಿಕಲ್ ವೇಸ್ಟ್ ರೂಲ್ಸ್ ಚಾರ್ಟು ನೀಟಾಗಿ ಅಂಟಿಸಿದ್ರು. ಒಂದು ಕೇಸ್ ಮುಗಿದ ಮೇಲೆ ನಾನು ಅಲ್ಲೇ ನಿಂತು ನೋಡ್ತಿದ್ದೆ. ಒಂದು ಗಾಜ್ ಬಟ್ಟೆ ಬೇಕು ಅಂತ ಇಡೀ ಕಿಟ್ ಒಡೆದಿದ್ರು, ಮಡಿಚಿದ್ದು ಮಡಿಚಿದ ಹಾಗೇ ಇದ್ದ ಟವಲ್, ರಕ್ತದ ಹನಿ ಕೂಡ ತಾಕದ ಎರಡು ಬಟ್ಟಲು, ಜೊತೆಗೆ ಯಾರೋ ಕುಡಿದ ಟೀ ಕಪ್ಪು ಎಲ್ಲಾ ಒಟ್ಟಿಗೆ ಹಳದಿ ಕವರಿಗೆ ಹೋಯ್ತು. ಹಳದಿ ಅಂದ್ರೆ ಸುಡೋಕೆ ಹೋಗೋದು. ಸಿಸ್ಟರ್‌ನ ಕೇಳಿದೆ, ಅಕ್ಕ ಇದೆಲ್ಲ ಯೂಸೇ ಆಗಿಲ್ವಲ್ಲ ಅಂತ. ಅವರು ಬೇಜಾರಲ್ಲೇ ಹೇಳಿದ್ರು, "ಕಿಟ್ ಒಡೆದ್ಮೇಲೆ ವಾಪಸ್ ಇಡೋ ಹಾಗಿಲ್ಲಮ್ಮ, ಬಿಡಿ ಬಿಡಿಯಾಗಿ ತರಿಸಿ ಅಂತ ಸ್ಟೋರಿಗೆ ಎಷ್ಟು ಸಲ ಬರೆದು ಕೊಟ್ಟಿದೀನಿ." ತಪ್ಪು ಆ ಬಕೆಟ್ ಹತ್ರ ಆಗಿರಲಿಲ್ಲ, ಖರೀದಿ ಟೇಬಲ್ ಹತ್ರ ಯಾವತ್ತೋ ಆಗಿಹೋಗಿತ್ತು. ಅವತ್ತಿಂದ ನನಗೆ ಕಸದ ಬಗ್ಗೆ ಯಾವ ರಿಸರ್ಚ್ ಓದಿದ್ರೂ ಮೊದಲು ಪರ್ಚೇಸ್ ಭಾಗ ಎಲ್ಲಿದೆ ಅಂತ ಹುಡುಕೋ ಅಭ್ಯಾಸ.

ದೊಡ್ಡ ಲೆಕ್ಕವೂ ಇದನ್ನೇ ಹೇಳುತ್ತೆ. 2019ರಲ್ಲಿ ಹೆಲ್ತ್ ಕೇರ್ ವಿದೌಟ್ ಹಾರ್ಮ್ ಸಂಸ್ಥೆ ಅರೂಪ್ ಅನ್ನೋ ಇಂಜಿನಿಯರಿಂಗ್ ಸಲಹಾ ಕಂಪನಿ ಜೊತೆ ಸೇರಿ ಮಾಡಿದ ವರದಿ ಪ್ರಕಾರ ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಆರೋಗ್ಯ ಕ್ಷೇತ್ರದ ಪಾಲು ಶೇ. 4.4, ಅದರಲ್ಲಿ ಶೇ. 71ರಷ್ಟು ಸಪ್ಲೈ ಚೈನ್‌ನದ್ದು. ಅಂದ್ರೆ ಆಸ್ಪತ್ರೆ ಗೇಟಿನ ಒಳಗೆ ಬಲ್ಬ್ ಬದಲಾಯಿಸೋದಷ್ಟೇ ಮಾಡಿದ್ರೆ ದೊಡ್ಡ ಪಾಲು ಮುಟ್ಟಿದ ಹಾಗೇ ಆಗಲ್ಲ.

ಹಾಗಂತ ಕರೆಂಟು ಚಿಕ್ಕ ವಿಷಯ ಅಂತಲ್ಲ. ಛತ್ತೀಸ್‌ಗಢದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೇಲೆ ಸಿಇಇಡಬ್ಲ್ಯು ಅನ್ನೋ ಇಂಧನ, ಪರಿಸರ ಸಂಶೋಧನಾ ಸಂಸ್ಥೆ 2017ರಲ್ಲಿ ತಂದ ಅಧ್ಯಯನದಲ್ಲಿ, ಕರೆಂಟ್ ಕೊರತೆ ಇದ್ದೂ ಸೋಲಾರ್ ಇಲ್ಲದ ಕೇಂದ್ರಗಳಿಗಿಂತ ಸೋಲಾರ್ ಇದ್ದ ಕೇಂದ್ರಗಳಲ್ಲಿ ಹೆರಿಗೆ ತಿಂಗಳಿಗೆ ಹತ್ತಿರಹತ್ತಿರ ಎರಡು ಪಟ್ಟು. ಇಲ್ಲಿ ಸೋಲಾರ್‌ನಿಂದ ಮೊದಲು ಸಿಕ್ಕಿದ್ದು ರಾತ್ರಿ ಹೊತ್ತು ಹೆರಿಗೆ ಕೋಣೆಗೆ ಬೆಳಕು, ಬೆಚ್ಚಗಿಡೋ ವಾರ್ಮರಿಗೆ ಕರೆಂಟು. ಆದ್ರೆ ಒಂದು ಎಚ್ಚರ, ಸೋಲಾರ್ ಇರೋ ಕೇಂದ್ರದಲ್ಲಿ ಬೇರೆ ಸೌಕರ್ಯವೂ ಚೆನ್ನಾಗಿರಬಹುದು, ಹಾಗಾಗಿ ಪೂರ್ತಿ ಶ್ರೇಯ ಪ್ಯಾನೆಲ್ಲಿಗೇ ಕೊಡಬಾರದು, ಇದನ್ನ ಉತ್ತರದಲ್ಲಿ ಒಂದು ಸಾಲು ಬರೀರಿ.

ನಮ್ಮ ರಾಜ್ಯದ ಉದಾಹರಣೆ ಬೇಕು ಅಂದ್ರೆ ದುಡ್ಡಿನ ಬಾಳಿಕೆಗೆ ಯಶಸ್ವಿನಿ ಆರೋಗ್ಯ ವಿಮೆ ಯೋಜನೆ ಬರೀರಿ. 2003ರಲ್ಲಿ ಸಹಕಾರ ಸಂಘಗಳ ರೈತರಿಗೆ ತಿಂಗಳಿಗೆ 5 ರೂಪಾಯಿ ವಂತಿಗೆಯಲ್ಲಿ ಶುರುವಾಯ್ತು, ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದ್ರು. ಆಮೇಲೆ ವಂತಿಗೆ ವರ್ಷಕ್ಕೆ 120 ರೂಪಾಯಿ ಆದಾಗ ಸದಸ್ಯರ ಸಂಖ್ಯೆ ಇಳೀತು. ವಂತಿಗೆ ಏರಿದಾಗ ಮೊದಲು ಬಿಟ್ಟು ಹೋಗೋದು ಆರೋಗ್ಯವಾಗಿ ಇರೋರು, ಉಳಿಯೋದು ಆಪರೇಷನ್ ಬೇಕಾದೋರು, ಆಗ ಖರ್ಚು ಇನ್ನೂ ಏರುತ್ತೆ, ಇನ್ಶೂರೆನ್ಸ್ ಥಿಯರಿ ಎಚ್ಚರಿಸೋದು ಇದನ್ನೇ. 2018ರಲ್ಲಿ ಯೋಜನೆ ಆರೋಗ್ಯ ಕರ್ನಾಟಕದೊಳಗೆ ಸೇರಿ ನಿಂತು, 2022ರಲ್ಲಿ ಮತ್ತೆ ಶುರುವಾಯ್ತು.

ಪ್ರಾಜೆಕ್ಟ್ ಟಾಪಿಕ್ ಹುಡುಕ್ತಿರೋರು ದಯವಿಟ್ಟು ಗ್ರೀನ್ ಹಾಸ್ಪಿಟಲ್ ಬಗ್ಗೆ ಜಾಗೃತಿ ಮಟ್ಟ ಅಂತ ಇನ್ನೊಂದು ಪ್ರಶ್ನಾವಳಿ ಮಾಡಬೇಡಿ. ಒಂದೇ ಓಟಿ, ಒಂದೇ ಥರದ ಆಪರೇಷನ್ ಆರಿಸ್ಕೊಂಡು ಪರ್ಮಿಷನ್ ತಗೊಂಡು ಮೂವತ್ತು ಕೇಸಿನ ಕವರ್‌ಗಳನ್ನ ಬಣ್ಣದ ಪ್ರಕಾರ ತೂಕ ಮಾಡಿ, ಒಡೆದು ಬಳಸದೆ ಹೋದ ಸಾಮಾನು ಬೇರೆ ಎಣಿಸಿ, ಅದರ ರೇಟು ಸ್ಟೋರಿನ ರಿಜಿಸ್ಟರ್‌ನಿಂದ ಬರ್ಕೊಳ್ಳಿ. ಗ್ಲೌಸ್ ಹಾಕ್ಕೊಂಡೇ ಮಾಡಿ, ಸೂಜಿ ಡಬ್ಬಿಗೆ ಮಾತ್ರ ಕೈ ಹಾಕಬೇಡಿ. ನಾನು ಕಿಟ್‌ಗಳಿಂದ ಶುರು ಮಾಡ್ತಿದೀನಿ, ಆ ಸಿಸ್ಟರ್ ಬರೆದು ಕೊಟ್ಟಿದ್ದ ಹಳೇ ಚೀಟಿಗಳಲ್ಲಿ ಎರಡು ಇನ್ನೂ ಅವರ ಹತ್ರನೇ ಇದ್ವು, ಯಾವ ಯಾವ ಐಟಂ ಬೇಡ ಅಂತ ಅದರಲ್ಲಿ ಒಂದೊಂದಾಗಿ ಬರೆದಿದ್ರು. ನನ್ನ ಡೇಟಾ ಶೀಟಿನ ಮೊದಲ ಕಾಲಂ ಅದೇ.