ನನ್ನ ಥೀಸಿಸ್‌ನ ಆನ್‌ಲೈನಲ್ಲಿ ಯಾರೋ ಮಾರ್ತಿದಾರೆ, ಹಾಗೆ ಮಾಡ್ಬಹುದಾ?

"ನನ್ನ ಹೆಸರು ಹಾಕಿ ಸರ್ಚ್ ಮಾಡಿದ್ರೆ ನನ್ನ ಪಿಎಚ್‌ಡಿ ಥೀಸಿಸ್ ಬೆಲೆ ಸಮೇತ ಬರತ್ತೆ, ನಾನು ಯಾರಿಗೂ ಮಾರಿಲ್ಲ, ಒಂದು ಪೈಸೆನೂ ಬಂದಿಲ್ಲ, ಇದು ಹೇಗೆ?" ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ, ಆದ್ರೂ ಕೇಳೋರ ಸಂಕಟ ನಿಜವಾದ್ದು, ಅದಕ್ಕೆ ಇನ್ನೊಂದ್ಸಲ ಬರೀತೀನಿ. ಸಬ್ಮಿಟ್ ಮಾಡೋ ದಿನ ಗಡಿಬಿಡೀಲಿ ಸೈನ್ ಹಾಕಿದ ಫಾರ್ಮ್ ಇದೆಯಲ್ಲ, ಮೊದ್ಲು ಅದನ್ನ ಹುಡುಕಿ ತೆಗೀರಿ. ಉತ್ತರ ಅದರಲ್ಲೇ ಇರತ್ತೆ.

ಆದ್ರೆ ಫಾರ್ಮ್ ಹುಡುಕೋ ಮುಂಚೆನೇ ಯಾರಾದ್ರೂ ಒಬ್ರು ಬಂದು "ಅಯ್ಯೋ ಬಿಡಿ, ಡಿಗ್ರಿ ಕೊಟ್ಮೇಲೆ ಥೀಸಿಸ್ ಯೂನಿವರ್ಸಿಟೀದೇ, ಲೈಬ್ರರೀಲಿ ಇಟ್ಮೇಲೆ ಅದು ಎಲ್ಲರದ್ದೂ" ಅಂತಾರೆ. ಇದು ತಪ್ಪು. ಎಷ್ಟು ಸಲ ಹೇಳಿದ್ರೂ ಇದು ಸಾಯ್ತಾ ಇಲ್ಲ. ಕಾಪಿರೈಟ್ ಹುಟ್ಟೋದು ಡಿಗ್ರಿಯಿಂದ ಅಲ್ಲ, ಬರವಣಿಗೆಯಿಂದ. ನೀವು ವಾಕ್ಯ ಬರೆದ ಕ್ಷಣಕ್ಕೇ ಅದು ನಿಮ್ಮದು, ರಿಜಿಸ್ಟರ್ ಮಾಡಿಸ್ಬೇಕಾಗಿಲ್ಲ, ಮೊದಲ ಪುಟದಲ್ಲಿ ವೃತ್ತದೊಳಗಿನ ಸಿ ಹಾಕದೇ ಇದ್ರೂ ನಡೆಯತ್ತೆ. ಕಾಪಿರೈಟ್ ಬಗ್ಗೆ ದೇಶದೇಶಗಳು ಮಾಡ್ಕೊಂಡ 1886ರ ಬರ್ನ್ ಒಪ್ಪಂದವನ್ನ 1908ರಲ್ಲಿ ಬರ್ಲಿನ್‌ನಲ್ಲಿ ತಿದ್ದಿದಾಗಲೇ ಈ ನಿಯಮ ಬಂತು. ಸಾಮಾನ್ಯವಾಗಿ ಬರೆದವರು ಬದುಕಿರೋವರೆಗೂ, ಆಮೇಲೆ ಕನಿಷ್ಠ 50 ವರ್ಷ ಹಕ್ಕು ಉಳಿಯತ್ತೆ. ವೈವಾ ಮುಗೀತು ಅಂತ ಹಕ್ಕು ಮುಗಿಯಲ್ಲ. ಲೈಬ್ರರೀಲಿರೋದು ಒಂದು ಪ್ರತಿ ಅಷ್ಟೇ. ಅಂಗಡೀಲಿ ಕಾದಂಬರಿ ಕೊಂಡ್ಕೊಂಡೋರು ಅದನ್ನ ಅಚ್ಚು ಹಾಕಿಸಿ ಮಾರ್ಬಹುದಾ? ಇಲ್ಲ ತಾನೆ? ಥೀಸಿಸ್‌ಗೂ ಅದೇ ನಿಯಮ. ಫ್ರೀಯಾಗಿ ಓದೋಕೆ ಸಿಗತ್ತೆ ಅನ್ನೋದು ಬೇರೆ, ಮಾರೋಕೆ ಹಕ್ಕಿದೆ ಅನ್ನೋದು ಬೇರೆ, ಇವೆರಡನ್ನೂ ದಯವಿಟ್ಟು ಒಂದೇ ಮಾಡ್ಬೇಡಿ. ಕೆಲವು ಯೂನಿವರ್ಸಿಟಿಗಳ ನಿಯಮದಲ್ಲಿ, ಫಂಡಿಂಗ್ ಕೊಟ್ಟೋರ ಕರಾರಲ್ಲಿ ಹಕ್ಕು ಬೇರೆಯವರಿಗೆ ಹೋಗೋದುಂಟು, ಆದ್ರೆ ಅದು ಬರಹದಲ್ಲಿರತ್ತೆ, ಯಾರೋ ಕಾರಿಡಾರಲ್ಲಿ ಹೇಳಿದ ಮಾತಲ್ಲಿ ಅಲ್ಲ.

ಹಾಗಾದ್ರೆ ಮಾರೋರು ಹೇಗೆ ಮಾರ್ತಾರೆ? ತುಂಬಾ ಸಲ ನಿಮ್ಮ ಸಹಿಯಿಂದಲೇ. ಅಮೆರಿಕದಲ್ಲಿ 1938ರಲ್ಲಿ ಯೂನಿವರ್ಸಿಟಿ ಮೈಕ್ರೋಫಿಲ್ಮ್ಸ್ ಅಂತ ಕಂಪನಿ ಶುರುವಾಯ್ತು, ಮುಂದೆ ಯುಎಂಐ, ಈಗ ಪ್ರೊಕ್ವೆಸ್ಟ್. ಥೀಸಿಸ್‌ಗಳ ಪುಟಗಳನ್ನ ಫಿಲ್ಮ್ ಮೇಲೆ ಪುಟ್ಟದಾಗಿ ಫೋಟೋ ತೆಗೆದಿಟ್ಟು, ಕೇಳಿದೋರಿಗೆ ಪ್ರತಿ ತೆಗೆದು ದುಡ್ಡಿಗೆ ಕೊಡೋದು ಅವರ ಕೆಲಸ, ಅದಕ್ಕೆ ಬರೆದವರ ಒಪ್ಪಿಗೆ ಪತ್ರ ಇರ್ತಿತ್ತು. 2000ದಲ್ಲಿ ಕಂಟೆಂಟ್‌ವಿಲ್ ಅನ್ನೋ ಆನ್‌ಲೈನ್ ಅಂಗಡಿ ಅವರಿಂದಲೇ ತಗೊಂಡು ಥೀಸಿಸ್ ಮಾರೋಕೆ ಶುರು ಮಾಡಿದಾಗ ಬರೆದವರು ರೊಚ್ಚಿಗೆದ್ರು, ಲೈಬ್ರರಿಗೆ ಅಂತ ಕೊಟ್ಟ ಒಪ್ಪಿಗೆ ಹೀಗೆ ಅಂಗಡಿಗೆ ಬರತ್ತೆ ಅಂತ ಎಷ್ಟೋ ಜನ ಅಂದ್ಕೊಂಡೇ ಇರ್ಲಿಲ್ಲ. ಆ ಅಂಗಡಿ ಮಾರನೇ ವರ್ಷನೇ ಮುಚ್ಚಿತು, ಫಾರ್ಮ್ ಓದದೇ ಸೈನ್ ಮಾಡೋ ಅಭ್ಯಾಸ ಮಾತ್ರ ಮುಚ್ಚಲಿಲ್ಲ.

ಫಾರ್ಮಲ್ಲಿ ನೋಡ್ಬೇಕಾದ್ದು: ನಾನ್-ಎಕ್ಸ್‌ಕ್ಲೂಸಿವ್ ಅಂತಿದ್ರೆ ಅವರೂ ಮಾರ್ಬಹುದು, ನೀವೂ ಪುಸ್ತಕ ಮಾಡ್ಬಹುದು. ಎಕ್ಸ್‌ಕ್ಲೂಸಿವ್ ಅಂತಿದ್ರೆ ನಿಮ್ಮ ಪುಸ್ತಕಕ್ಕೇ ಅವರ ಅನುಮತಿ ಬೇಕಾದೀತು. ಇನ್ನು ಕ್ರಿಯೇಟಿವ್ ಕಾಮನ್ಸ್, ಅಂದ್ರೆ ನನ್ನ ಬರಹವನ್ನ ಎಲ್ಲರೂ ಹೀಗೆ ಬಳಸ್ಬಹುದು ಅಂತ ಮೊದಲೇ ಕೊಡೋ ರೆಡಿಮೇಡ್ ಅನುಮತಿ. ಅದರಲ್ಲಿ ಬರೀ ಬಿವೈ (ಹೆಸರು ಹಾಕಿದ್ರೆ ಸಾಕು ಅನ್ನೋದು) ಆರಿಸ್ಕೊಂಡಿದ್ರೆ ನಿಮ್ಮ ಹೆಸರು ಹಾಕಿ ಯಾರು ಬೇಕಾದ್ರೂ ಮಾರ್ಬಹುದು, ಒಂದ್ಸಲ ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕೂ ಆಗಲ್ಲ. ಮಾರಾಟ ಬೇಡ ಅಂದ್ರೆ ಎನ್‌ಸಿ (ವ್ಯಾಪಾರಕ್ಕೆ ಬಳಸ್ಬಾರದು ಅನ್ನೋ ಷರತ್ತು) ಇರೋದನ್ನೇ ಆರಿಸ್ಬೇಕಿತ್ತು. ಇದ್ಯಾವುದೂ ಇಲ್ಲ, ನೀವು ಯಾರಿಗೂ ಒಪ್ಪಿಗೆ ಕೊಟ್ಟಿಲ್ಲ ಅಂದ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡು ಆ ಸೈಟಿಗೂ, ಅದಕ್ಕೆ ಇಂಟರ್ನೆಟ್ಟಲ್ಲಿ ಜಾಗ ಕೊಟ್ಟಿರೋ ಹೋಸ್ಟಿಂಗ್ ಕಂಪನಿಗೂ ಟೇಕ್‌ಡೌನ್ ನೋಟಿಸ್ (ಇದನ್ನ ತೆಗೆದುಹಾಕಿ ಅನ್ನೋ ಪತ್ರ) ಕಳ್ಸಿ, ಲೈಬ್ರರಿಗೂ ತಿಳ್ಸಿ.

ಇಷ್ಟು ಹೇಳಿದ್ಮೇಲೆ ಇನ್ನೊಂದು ಹೇಳ್ಲೇಬೇಕು, ಯಾರೂ ನೇರವಾಗಿ ಕೇಳಲ್ಲ. ನಿಮ್ಮ ಥೀಸಿಸ್ ಓದಿ ಅದರ ವಾದವನ್ನ ತಮ್ಮದೇ ಮಾತಲ್ಲಿ ಬರೆದು ಪೇಪರ್ ಮಾಡ್ಕೊಂಡ್ರೆ? ಅಲ್ಲಿ ಕಾಪಿರೈಟ್ ನಿಮ್ಮ ಕೈ ಹಿಡಿಯಲ್ಲ. ಅದು ಕಾಯೋದು ನಿಮ್ಮ ವಾಕ್ಯಗಳನ್ನ, ಐಡಿಯಾವನ್ನ ಅಲ್ಲ. ಹೆಸರು ಹೇಳದೇ ಐಡಿಯಾ ತಗೊಂಡ್ರೆ ಅದು ಕೃತಿಚೌರ್ಯ, ಅದರ ದೂರು ಹೋಗ್ಬೇಕಾದ್ದು ಜರ್ನಲ್ ಸಂಪಾದಕರಿಗೆ, ಅವರ ಯೂನಿವರ್ಸಿಟಿಗೆ. ಟೇಕ್‌ಡೌನ್ ನೋಟಿಸ್ ಅಲ್ಲಿ ಕೆಲಸಕ್ಕೆ ಬರಲ್ಲ, ನಿಮ್ಮ ಥೀಸಿಸ್‌ನೂ ಅವರ ಪೇಪರ್‌ನೂ ಪಕ್ಕಪಕ್ಕ ಇಟ್ಟು ಪುಟ ಸಂಖ್ಯೆ ಸಮೇತ ತೋರ್ಸ್ಬೇಕು.